ಕರಾವಳಿಯ ಜಲಾನಯನವನ್ನು ಊರವರೇ ಕಾಪಾಡಿಕೊಳ್ಳುವುದು ಹೇಗೆ

ಕಡಲತೀರದ ಕಸ ಹೆಕ್ಕುವ ಕೆಲಸಕ್ಕೆ ಜನರನ್ನು ಸೇರಿಸುವುದು ಕಷ್ಟವಲ್ಲ. ಒಂದು ಬೆಳಗಿನಲ್ಲಿ ಕೆಲಸ ಮುಗಿಯುತ್ತದೆ, ಫಲ ಕಣ್ಣಿಗೆ ಕಾಣುತ್ತದೆ. ಆದರೆ ಹೊಳೆ ಸಮುದ್ರ ಸೇರುವ ಅಳಿವೆಯ ನೀರನ್ನು ಹೆಚ್ಚಾಗಿ ಕೆಡಿಸುವ ಮಣ್ಣು, ಮಲ, ಗೊಬ್ಬರ ಮತ್ತು ರಸ್ತೆಯ ಕೊಳೆ ಗುಡ್ಡದ ನೆತ್ತಿಯಿಂದ ಸಮುದ್ರದವರೆಗಿನ ಹಾದಿಯಲ್ಲಿ ಎಲ್ಲೆಲ್ಲೋ ಸೇರಿಕೊಂಡು ಬರುತ್ತವೆ. ಜಪಾನಿನ ಕೆಸೆನ್ನುಮಾದಲ್ಲಿ ಸಿಂಪಿ ಸಾಕುತ್ತಿದ್ದ ಹತಾಕೆಯಾಮಾ ಶಿಗೆಅತ್ಸು ಮತ್ತು ಅವರ ಜೊತೆಯ ಮೀನುಗಾರರು ತಮ್ಮ ಕೊಲ್ಲಿಯನ್ನು ಉಳಿಸಿಕೊಳ್ಳಲು 1989ರಲ್ಲಿ ಗಿಡ ನೆಡಲು ಹೊರಟಾಗ ಅವರು ಹೋದದ್ದು ಓಕಾವಾ ಹೊಳೆಯ ಮೇಲ್ಭಾಗದ ಮುರೊನೆ ಬೆಟ್ಟಕ್ಕೆ. ಆ ಬೆಟ್ಟ ಇರುವುದು ಬೇರೊಂದು ಆಡಳಿತ ಪ್ರಾಂತದಲ್ಲಿ. ತೀರದ ಊರಿನವರು ಇಂಥ ಕೆಲಸಕ್ಕೆ ಕೈಹಾಕುವುದಾದರೆ ಅದು ಮೇಲಿನಿಂದಲೇ ಆರಂಭವಾಗಬೇಕು.

ಎಲ್ಲೆಯನ್ನು ಗುರುತಿಸುವುದು

ಮೊದಲು ಬೇಕಾದದ್ದು ನಕ್ಷೆ. ಒಂದೇ ಎತ್ತರದ ಜಾಗಗಳನ್ನು ಜೋಡಿಸುವ ಸಮೋನ್ನತಿ ರೇಖೆಗಳಿರುವ ನಕ್ಷೆಯಲ್ಲಿ ಹೊಳೆ ಸಮುದ್ರ ಸೇರುವ ಜಾಗದಿಂದ ಹೊರಟು, ಎರಡೂ ಬದಿಯ ನೆತ್ತಿಗಳನ್ನು ಪೆನ್ಸಿಲಿನಲ್ಲಿ ಜೋಡಿಸುತ್ತ ಹೋಗಿ ಮೇಲ್ತುದಿಯಲ್ಲಿ ಕೂಡಿಸಿದರೆ ಜಲಾನಯನದ, ಅಂದರೆ ಆ ಹೊಳೆಗೆ ನೀರು ಹರಿದು ಬರುವ ಇಡೀ ನೆಲದ, ಎಲ್ಲೆ ಸಿಗುತ್ತದೆ. ರೇಖೆಗಳು ಮೊನೆಯಾಗಿ ಬಾಗಿ ಎತ್ತರದ ಕಡೆಗೆ ಮುಖ ಮಾಡಿದ್ದರೆ ಅದು ಕಣಿವೆ, ತಗ್ಗಿನ ಕಡೆಗೆ ಮುಖ ಮಾಡಿದ್ದರೆ ಅದು ಏಣು. ನೀವು ಎಳೆದ ಗೆರೆ ಹೊಳೆಯ ಬಾಯಿಯನ್ನು ಬಿಟ್ಟು ಬೇರೆಲ್ಲಿಯೂ ಹರಿವನ್ನು ದಾಟಬಾರದು. ದಾಟಿದ್ದರೆ ಎಲ್ಲೋ ತಪ್ಪಾಗಿದೆ ಎಂದರ್ಥ.

ಆಮೇಲೆ ಆ ನಕ್ಷೆಯನ್ನು ಹಿಡಿದು ಮಳೆ ಸುರಿಯುವಾಗ ನಡೆಯಬೇಕು. ರಸ್ತೆ, ಮೋರಿ, ಕಾಲುವೆಗಳು ನೀರಿನ ದಿಕ್ಕನ್ನೇ ಬದಲಿಸಿರುತ್ತವೆ, ಇದು ನಕ್ಷೆಯಲ್ಲಿ ಕಾಣುವುದಿಲ್ಲ. ಯಾವ ಇಳಿಜಾರಿನಿಂದ ಕೆಂಪು ನೀರು ಇಳಿಯುತ್ತಿದೆ, ಯಾವ ಮೋರಿ ಕಟ್ಟಿಕೊಂಡಿದೆ, ಯಾವ ಅಂಗಳದ ನೀರು ನೇರವಾಗಿ ತೊರೆಗೆ ಬೀಳುತ್ತಿದೆ ಎಂಬುದನ್ನು ಜಾಗ ಮತ್ತು ಸಮಯದೊಂದಿಗೆ ಗುರುತು ಹಾಕಿಕೊಳ್ಳಬೇಕು. ಒಂದು ಹೆಕ್ಟೇರ್ ನೆಲದ ಮೇಲೆ ಬೀಳುವ 1 ಸೆಂಟಿಮೀಟರ್ ಮಳೆಯೆಂದರೆ 1 ಲಕ್ಷ ಲೀಟರ್ ನೀರು. ನೆಲ ಮಣ್ಣಾಗಿದ್ದರೆ ಅದರಲ್ಲಿ ಬಹುಪಾಲು ಇಂಗುತ್ತದೆ. ಕಾಂಕ್ರೀಟ್ ಅಥವಾ ಡಾಂಬರು ಆಗಿದ್ದರೆ ಸಿಕ್ಕಿದ್ದನ್ನೆಲ್ಲ ಹೊತ್ತುಕೊಂಡು ಹರಿಯುತ್ತದೆ. ಜಲಾನಯನದ ಸುಮಾರು ಶೇಕಡ 10ರಷ್ಟು ನೆಲ ಹೀಗೆ ಮುಚ್ಚಿಹೋಗುವ ಹೊತ್ತಿಗೆ ತೊರೆಗಳ ಜೀವಿಗಳಲ್ಲಿ ಇಳಿಮುಖ ಕಾಣತೊಡಗುತ್ತದೆ ಎಂದು ಹಲವು ಅಧ್ಯಯನಗಳು ತೋರಿಸಿವೆ.

ಯಾರು ಜೊತೆಗಿರಬೇಕು

ಗುಂಪು ದೊಡ್ಡದಾಗಿರಬೇಕಿಲ್ಲ, ಆದರೆ ಹೊಳೆಯ ಮೇಲಿನವರು ಮತ್ತು ಕೆಳಗಿನವರು ಇಬ್ಬರೂ ಅದರಲ್ಲಿರಬೇಕು. ತೀರದವರು ಮಾತ್ರ ಸೇರಿ ಮೇಲಿನ ರೈತರ ಮೇಲೆ ದೂರು ಬರೆಯುವ ಸಂಘ ಹೆಚ್ಚು ದಿನ ನಡೆಯುವುದಿಲ್ಲ. 2009ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪಡೆದ ಎಲಿನಾರ್ ಆಸ್ಟ್ರಮ್ ತಮ್ಮ 1965ರ ಸಂಶೋಧನಾ ಪ್ರಬಂಧಕ್ಕೆ ಆರಿಸಿಕೊಂಡದ್ದು ಲಾಸ್ ಏಂಜಲಿಸ್ ಬಳಿಯ ವೆಸ್ಟ್ ಬೇಸಿನ್ ಎಂಬ ಅಂತರ್ಜಲ ಪ್ರದೇಶವನ್ನು. ಅತಿಯಾಗಿ ನೀರೆತ್ತಿದ್ದರಿಂದ ಅಲ್ಲಿಗೆ ಸಮುದ್ರದ ಉಪ್ಪು ನುಗ್ಗುತ್ತಿತ್ತು. ನೀರೆತ್ತುವವರೇ ಸಂಘ ಕಟ್ಟಿಕೊಂಡು, ಯಾರು ಎಷ್ಟು ಎತ್ತುತ್ತಿದ್ದಾರೆಂಬ ಲೆಕ್ಕವನ್ನು ಎಲ್ಲರ ಮುಂದಿಟ್ಟು, ನ್ಯಾಯಾಲಯದ ಮೂಲಕ ಮಿತಿ ಒಪ್ಪಿಕೊಂಡದ್ದು ಆ ಕಥೆಯ ತಿರುಳು. ಲೆಕ್ಕ ಎಲ್ಲರಿಗೂ ಕಾಣುವಂತಿದ್ದಾಗ ನೆರೆಯವನ ಮೇಲಿನ ಅನುಮಾನಕ್ಕೆ ಎಡೆ ಕಡಿಮೆಯಾಗುತ್ತದೆ. ಆದುದರಿಂದ ಮೊದಲ ಸಭೆಯಲ್ಲೇ ಪರಿಹಾರ ಚರ್ಚಿಸಲು ಹೋಗದೆ, ಏನನ್ನು ಅಳೆಯಬೇಕು ಎಂಬುದನ್ನಷ್ಟೇ ತೀರ್ಮಾನಿಸಿಕೊಳ್ಳುವುದು ಒಳ್ಳೆಯದು.

ನೀರನ್ನು ಅಳೆಯುವುದು

ಹೆಚ್ಚಿನ ಶ್ರಮವನ್ನು ಇಲ್ಲಿ ಹಾಕಬೇಕು. ತೊರೆಗಳು ಕೂಡುವ ಜಾಗಗಳ ಮೇಲೆ ಮತ್ತು ಕೆಳಗೆ, ಊರಿನ ಚರಂಡಿ ಸೇರುವಲ್ಲಿ, ಸಿಹಿನೀರು ಉಪ್ಪಾಗುವಲ್ಲಿ ಮತ್ತು ಅಳಿವೆಯ ಬಾಯಿಯಲ್ಲಿ ಮಾದರಿ ತೆಗೆಯುವ ಜಾಗಗಳನ್ನು ಗೊತ್ತುಮಾಡಿ, ವರ್ಷಪೂರ್ತಿ ಅವೇ ಜಾಗಗಳಿಗೆ ಹೋಗಬೇಕು. ಅಳಿವೆಯಲ್ಲಿ ಉಬ್ಬರ ಇಳಿತದ ಹೊತ್ತನ್ನು ಬರೆದುಕೊಳ್ಳದ ಅಳತೆಗೆ ಬೆಲೆಯಿಲ್ಲ, ಏಕೆಂದರೆ ಉಬ್ಬರದಲ್ಲಿ ನೀವು ಅಳೆಯುವುದು ಬಹುಮಟ್ಟಿಗೆ ಸಮುದ್ರವನ್ನು. ಮೇಲಿನಿಂದ ಏನು ಬರುತ್ತಿದೆ ಎಂದು ತಿಳಿಯಬೇಕಿದ್ದರೆ ಇಳಿತದ ಕೊನೆಯ ಹೊತ್ತಿಗೆ ಹೋಗಬೇಕು. ಸಮುದ್ರದ ನೀರಿನಲ್ಲಿ ಲೀಟರಿಗೆ ಸುಮಾರು 35 ಗ್ರಾಂ ಉಪ್ಪಿರುತ್ತದೆ. ಅದು ಭಾರವಾದ್ದರಿಂದ ಸಿಹಿನೀರಿನ ಅಡಿಯಲ್ಲಿ ನುಸುಳಿಕೊಂಡು ಒಳಗೆ ಬರುತ್ತದೆ. ಹಾಗಾಗಿ ಮೇಲ್ಪದರದ ನೀರನ್ನಷ್ಟೇ ಬಗ್ಗಿ ತುಂಬಿಕೊಂಡರೆ ತಳದ ಸ್ಥಿತಿ ತಿಳಿಯುವುದಿಲ್ಲ.

ತಿಳಿತನವನ್ನು ಅಳೆಯಲು ಕಪ್ಪು ಬಿಳುಪು ಬಣ್ಣ ಬಳಿದ 20 ಸೆಂಟಿಮೀಟರ್ ಅಗಲದ ಸೆಕ್ಕಿ ತಟ್ಟೆ ಸಾಕು. ಇಟಲಿಯ ಆಂಜೆಲೊ ಸೆಕ್ಕಿ 1865ರಲ್ಲಿ ಪ್ರಯೋಗಕ್ಕೆ ತಂದ ಈ ವಿಧಾನ ಇಂದಿಗೂ ಬಳಕೆಯಲ್ಲಿದೆ. ಅಳತೆ ಗುರುತಿಸಿದ ಹಗ್ಗದಲ್ಲಿ ತಟ್ಟೆಯನ್ನು ಇಳಿಸುತ್ತ, ಅದು ಕಣ್ಣಿಗೆ ಮರೆಯಾಗುವ ಆಳವನ್ನೂ ಮೇಲೆತ್ತುವಾಗ ಮತ್ತೆ ಕಾಣಿಸುವ ಆಳವನ್ನೂ ಬರೆದು ಸರಾಸರಿ ತೆಗೆದುಕೊಳ್ಳಬೇಕು.

ಕರಗಿದ ಆಮ್ಲಜನಕದ ಪರೀಕ್ಷೆಗೆ ಹನಿ ಎಣಿಸುವ ವಿಂಕ್ಲರ್ ಕಿಟ್ ಬಳಸಬಹುದು. ಗಾಜಿನ ಬಾಟಲಿಯನ್ನು ನೀರಿನೊಳಗೇ ತುಂಬಿ, ಒಂದು ಗುಳ್ಳೆಯೂ ಉಳಿಯದಂತೆ ಒಳಗೇ ಮುಚ್ಚಳ ಹಾಕಬೇಕು. ಮ್ಯಾಂಗನೀಸ್ ದ್ರಾವಣವನ್ನೂ ಕ್ಷಾರೀಯ ಅಯೊಡೈಡನ್ನೂ ಸೇರಿಸಿ ಬಾಟಲಿಯನ್ನು ತಿರುವಿದಾಗ ಕಂದು ಬಣ್ಣದ ಗಸಿ ಮೋಡದಂತೆ ಎದ್ದು ನಿಧಾನವಾಗಿ ಕೂರುತ್ತದೆ. ಗಸಿ ಕಂದಾಗದೆ ಬೆಳ್ಳಗೇ ಉಳಿದರೆ ಆ ನೀರಿನಲ್ಲಿ ಆಮ್ಲಜನಕ ಇಲ್ಲವೆಂದೇ ತಿಳಿಯಬೇಕು. ಅನಂತರ ಆಮ್ಲ ಹಾಕಿದರೆ ಗಸಿ ಕರಗಿ ಹೊಂಬಣ್ಣ ಬರುತ್ತದೆ. ಥಯೋಸಲ್ಫೇಟನ್ನು ಹನಿಹನಿಯಾಗಿ ಬಿಡುತ್ತ ಬಣ್ಣ ತಿಳಿಯಾದಾಗ ಪಿಷ್ಟ ಸೇರಿಸಿದರೆ ನೀಲಿಗಪ್ಪಾಗುತ್ತದೆ. ಆ ನೀಲಿ ಮಾಯವಾಗುವ ಹನಿಯೇ ಲೆಕ್ಕ ನಿಲ್ಲಿಸುವ ಹನಿ. ಲೀಟರಿಗೆ 5 ಮಿಲಿಗ್ರಾಂಗಿಂತ ಕೆಳಗಿಳಿದರೆ ಅನೇಕ ಮೀನುಗಳಿಗೆ ಕಷ್ಟ ಶುರುವಾಗುತ್ತದೆ, 2 ಮಿಲಿಗ್ರಾಂಗಿಂತ ಕೆಳಗೆ ಬಹಳಷ್ಟು ಜೀವಿಗಳು ಉಳಿಯುವುದಿಲ್ಲ. ರಾತ್ರಿಯಿಡೀ ಪಾಚಿ, ಸಸ್ಯಗಳು ಉಸಿರಾಡುವುದರಿಂದ ಆಮ್ಲಜನಕ ಅತಿ ಕಡಿಮೆಯಾಗುವುದು ಸೂರ್ಯೋದಯಕ್ಕೆ ಮುಂಚೆ. ಹತ್ತು ಗಂಟೆಗೆ ಬಿಸಿಲೇರಿದ ಮೇಲೆ ಹೋಗಿ ಅಳೆದು ಎಲ್ಲ ಚೆನ್ನಾಗಿದೆ ಎಂದು ಬರೆದುಕೊಂಡು ಬರುವ ಗುಂಪುಗಳು ಕಡಿಮೆಯೇನಿಲ್ಲ. ಕೈಗವಸು ಹಾಕಿಕೊಳ್ಳಬೇಕು, ಬಳಸಿದ ರಾಸಾಯನಿಕವನ್ನು ಹೊಳೆಗೆ ಚೆಲ್ಲದೆ ಬೇರೆ ಬಾಟಲಿಯಲ್ಲಿ ತುಂಬಿ ತರಬೇಕು.

ಮಲದ ಸೂಚಕ ಬ್ಯಾಕ್ಟೀರಿಯಾಗಳ ಮಾದರಿಯನ್ನು ಪ್ರಯೋಗಾಲಯಕ್ಕೇ ಕಳಿಸಬೇಕು. ಸಿಹಿನೀರಿನಲ್ಲಿ ಇ. ಕೋಲಿಯನ್ನೂ, ಉಪ್ಪುನೀರಿನಲ್ಲಿ ಹೆಚ್ಚು ಹೊತ್ತು ಬದುಕುವ ಎಂಟರೊಕಾಕಸ್ ಗುಂಪನ್ನೂ ಕೇಳಿ ಪಡೆಯಬೇಕು. ಕ್ರಿಮಿಶುದ್ಧಿ ಮಾಡಿದ ಬಾಟಲಿಯನ್ನು ತೊಳೆಯದೆ, ಹರಿವಿಗೆ ಎದುರಾಗಿ ನಿಂತು, ಸುಮಾರು 30 ಸೆಂಟಿಮೀಟರ್ ಆಳದಲ್ಲಿ ತುಂಬಬೇಕು. ಆಮ್ಲಜನಕದ ಬಾಟಲಿಯಂತಲ್ಲದೆ ಇದರಲ್ಲಿ ಸ್ವಲ್ಪ ಗಾಳಿಗೆ ಜಾಗ ಬಿಡಬೇಕು, ಪ್ರಯೋಗಾಲಯದಲ್ಲಿ ಅದನ್ನು ಕುಲುಕಬೇಕಾಗುತ್ತದೆ. ಮಂಜುಗಡ್ಡೆಯ ಪೆಟ್ಟಿಗೆಯಲ್ಲಿಟ್ಟು 6 ಗಂಟೆಯೊಳಗೆ ತಲುಪಿಸಬೇಕು. ವಾಹನದ ವ್ಯವಸ್ಥೆ ಆಗುವ ತನಕ ಮಾದರಿ ತೆಗೆಯದಿರುವುದೇ ಲೇಸು.

ಮೂಲವನ್ನು ಹುಡುಕುವುದು

ಒಂದು ಜಾಗದಲ್ಲಿ ಅಂಕಿ ಪದೇ ಪದೇ ಕೆಟ್ಟದ್ದಾಗಿ ಬಂದರೆ ಅಲ್ಲಿಂದ ಮೇಲಕ್ಕೆ ನಡೆಯಬೇಕು. ಮಳೆನೀರಿಗೆಂದೇ ಮಾಡಿದ ಕೊಳವೆ 72 ಗಂಟೆ ಮಳೆಯಿಲ್ಲದ ಮೇಲೂ ಹರಿಯುತ್ತಿದ್ದರೆ ಅನುಮಾನಪಡಬೇಕು: ಅದು ಒರತೆಯ ನೀರಿರಬಹುದು, ಒಡೆದ ಕುಡಿಯುವ ನೀರಿನ ಕೊಳವೆಯಿರಬಹುದು, ಯಾರದೋ ಶೌಚದ ನೀರೂ ಇರಬಹುದು. ಇದನ್ನು ಪತ್ತೆಹಚ್ಚಲು ಅಗ್ಗದ ಉಪಾಯವೊಂದಿದೆ. ಬಟ್ಟೆ ಸೋಪಿನ ಪುಡಿಗಳಲ್ಲಿ ಬಟ್ಟೆಯನ್ನು ಬೆಳ್ಳಗೆ ತೋರಿಸುವ ಹೊಳಪುಕಾರಕಗಳಿರುತ್ತವೆ, ಅವು ಹತ್ತಿಗೆ ಅಂಟಿಕೊಳ್ಳುತ್ತವೆ. ಯಾವ ಹೊಳಪುಕಾರಕವೂ ತಾಗದ ಹತ್ತಿಯ ತುಂಡನ್ನು ತಂತಿಬಲೆಯೊಳಗಿಟ್ಟು ಕೊಳವೆಯ ಬಾಯಿಗೆ ಕಟ್ಟಿ, ಕೆಲವು ದಿನಗಳ ನಂತರ ತೆಗೆದು ತೊಳೆದು ಒಣಗಿಸಿ, ಕತ್ತಲೆ ಕೋಣೆಯಲ್ಲಿ ನೇರಳಾತೀತ ದೀಪ ಹಿಡಿಯಬೇಕು. ಹತ್ತಿ ನೀಲಿಯಾಗಿ ಹೊಳೆದರೆ ಬಚ್ಚಲಿನ ನೀರು ಆ ಕೊಳವೆಗೆ ಸೇರುತ್ತಿದೆ. ಮುಂದಿನ ಹತ್ತಿಯನ್ನು ಮೇಲಿನ ಆಳುಗುಂಡಿಯಲ್ಲಿ (ಮ್ಯಾನ್‌ಹೋಲ್), ಅದರ ಮುಂದಿನದನ್ನು ಇನ್ನೂ ಮೇಲಿನದರಲ್ಲಿ ಕಟ್ಟುತ್ತ ಹೋದರೆ ಎರಡು ಗುಂಡಿಗಳ ನಡುವಿನ ತುಂಡಿಗೆ ಬಂದು ನಿಲ್ಲುತ್ತೀರಿ. ಆಳುಗುಂಡಿಗಳಲ್ಲಿ ವಿಷಗಾಳಿ ಇರುವ ಕಾರಣ ಯಾರೂ ಒಳಗಿಳಿಯಕೂಡದು. ಮುಚ್ಚಳ ತೆಗೆಯುವುದನ್ನೂ ಸ್ಥಳೀಯ ಆಡಳಿತದ ಸಿಬ್ಬಂದಿಗೇ ಬಿಡಬೇಕು. ಇಲ್ಲಿಗೆ ತಲುಪಿದ ಮೇಲೆ ಮನೆಯ ಹೆಸರನ್ನು ಸಭೆಯಲ್ಲಿ ಹೇಳುವುದಕ್ಕಿಂತ ಬಾಗಿಲು ತಟ್ಟಿ ಮಾತಾಡುವುದು ಮೇಲು. ಎಷ್ಟೋ ಸಲ ಮನೆಯವರಿಗೇ ತಮ್ಮ ಕೊಳವೆ ಎಲ್ಲಿ ಸೇರಿದೆ ಎಂದು ಗೊತ್ತಿರುವುದಿಲ್ಲ.

ಸೆಪ್ಟಿಕ್ ಟ್ಯಾಂಕುಗಳ ವಿಷಯ ಇಷ್ಟು: ಹೂಳು ತೆಗೆಸದ ಟ್ಯಾಂಕು ಕೇವಲ ಹಾದುಹೋಗುವ ಗುಂಡಿಯಾಗುತ್ತದೆ. ಊರಿನವರು ಒಟ್ಟಾಗಿ ಒಂದೇ ವಾರದಲ್ಲಿ ತೆಗೆಸಿದರೆ ಖರ್ಚೂ ಇಳಿಯುತ್ತದೆ. ತೆಗೆದ ಹೂಳನ್ನು ಲಾರಿಯವರು ಎಲ್ಲಿ ಸುರಿಯುತ್ತಾರೆ ಎಂಬುದನ್ನು ಮಾತ್ರ ಕೇಳಿಯೇ ಒಪ್ಪಂದ ಮಾಡಿಕೊಳ್ಳಬೇಕು.

ರಸ್ತೆಯ ನೀರನ್ನು ಹಗುರವಾಗಿ ಕಾಣಬಾರದು. ಅಮೆರಿಕದ ಪ್ಯೂಜೆಟ್ ಸೌಂಡ್ ಎಂಬ ಸಮುದ್ರದ ಒಳಚಾಚಿನ ಸುತ್ತಲಿನ ತೊರೆಗಳಲ್ಲಿ ಮಳೆ ಬಂದೊಡನೆ ಕೋಹೊ ಸಾಲ್ಮನ್ ಮೀನುಗಳು ಮೊಟ್ಟೆಯಿಡುವ ಮೊದಲೇ ಸಾಯುತ್ತಿದ್ದುದಕ್ಕೆ ಕಾರಣವಾದ ರಾಸಾಯನಿಕವನ್ನು ವಿಜ್ಞಾನಿಗಳು 2020ರಲ್ಲಿ ಗುರುತಿಸಿದರು: ಟಯರಿನ ರಬ್ಬರಿಗೆ ಸೇರಿಸುವ 6ಪಿಪಿಡಿ ಎಂಬ ವಸ್ತು ಓಜೋನ್ ಜೊತೆ ವರ್ತಿಸಿ ಉಂಟಾಗುವ 6ಪಿಪಿಡಿ-ಕ್ವಿನೋನ್. ಅದೇ ನೀರನ್ನು ಮರಳು ಮತ್ತು ಕಾಂಪೋಸ್ಟ್ ಬೆರೆಸಿದ ಮಣ್ಣಿನ ಮೂಲಕ ಸೋಸಿ ಬಿಟ್ಟಾಗ ಮೀನುಗಳು ಬದುಕುಳಿದವು. ರಸ್ತೆ ಬದಿಯ ನೀರನ್ನು ತೊರೆಗೆ ಬಿಡುವ ಮೊದಲು ಗಿಡ ಬೆಳೆದ ತಗ್ಗಿನಲ್ಲಿ ಇಂಗಿಸುವುದು ಊರಿನ ಗುಂಪೊಂದು ಮಾಡಬಹುದಾದ ಕೆಲಸ.

ದಂಡೆ, ಮಣ್ಣು, ಗೊಬ್ಬರ

ತೊರೆಯ ಎರಡೂ ದಂಡೆಗಳಲ್ಲಿ ಮರ, ಪೊದೆ, ಹುಲ್ಲು ಮೂರೂ ಇರುವ ಪಟ್ಟಿ ಉಳಿಯಬೇಕು. 30 ಮೀಟರ್ ಅಗಲವಿದ್ದರೆ ಬಹಳ ಒಳ್ಳೆಯದು, ಹೊಲ ಸಣ್ಣದಿದ್ದಲ್ಲಿ ರೈತ ಒಪ್ಪಿದಷ್ಟಕ್ಕೆ ತೃಪ್ತಿಪಡಬೇಕು. ಕಿರಿದಾದರೂ ಮೇಲಿಂದ ಕೆಳಗಿನವರೆಗೆ ಕಡಿಯದೆ ಸಾಗುವ ಪಟ್ಟಿ, ಅಲ್ಲಲ್ಲಿ ಮಾತ್ರ ಇರುವ ಅಗಲವಾದ ತೋಪಿಗಿಂತ ಹೆಚ್ಚು ಕೆಲಸ ಮಾಡುತ್ತದೆ. ಮಣ್ಣಿನ ರಸ್ತೆಗಳಲ್ಲಿ ನೀರು ಉದ್ದಕ್ಕೆ ಓಡಲು ಬಿಡದೆ ಅಡ್ಡ ಕಾಲುವೆ ತೆಗೆದು ಆಗಾಗ ಬದಿಯ ಕಾಡಿಗೆ ತಿರುಗಿಸಬೇಕು. ಸಮುದ್ರ ಸೇರುವ ನೀರಿನಲ್ಲಿ ಪಾಚಿಯನ್ನು ಕೆರಳಿಸುವುದು ಹೆಚ್ಚಾಗಿ ಸಾರಜನಕ, ಸಿಹಿನೀರಿನಲ್ಲಿ ರಂಜಕ. ಹೀಗಾಗಿ ಕೆರೆಗೆ ಸಾಕಾಗುವ ಎಚ್ಚರ ಅಳಿವೆಗೆ ಸಾಲದು. ಫ್ಲಾರಿಡಾದ ಪಿನೆಲ್ಲಾಸ್ ಕೌಂಟಿಯಲ್ಲಿ ಮಳೆ ಹೆಚ್ಚಾಗಿರುವ ಜೂನ್ 1ರಿಂದ ಸೆಪ್ಟೆಂಬರ್ 30ರವರೆಗೆ ಹುಲ್ಲುಹಾಸುಗಳಿಗೆ ಸಾರಜನಕ, ರಂಜಕದ ಗೊಬ್ಬರ ಹಾಕುವಂತಿಲ್ಲ. ಜೋರು ಮಳೆಯ ಮುನ್ಸೂಚನೆಯಿದ್ದಾಗ ಗೊಬ್ಬರ ಹಾಕದಿರುವುದು ರೈತನ ಹಣವನ್ನೂ ಉಳಿಸುವುದರಿಂದ ಈ ಮಾತಿಗೆ ವಿರೋಧ ಬರುವುದು ಅಪರೂಪ.

ಉಪ್ಪು ಮತ್ತು ಕಾಂಡ್ಲಾ

ತೀರದ ಬಾವಿಗಳಲ್ಲಿ ಸಿಹಿನೀರು ಉಪ್ಪುನೀರಿನ ಮೇಲೆ ತೇಲುತ್ತಿರುತ್ತದೆ. ಘೈಬೆನ್–ಹರ್ಟ್ಸ್‌ಬರ್ಗ್ ಸಂಬಂಧದ ಪ್ರಕಾರ ಸಮುದ್ರ ಮಟ್ಟಕ್ಕಿಂತ ಪ್ರತಿ 1 ಮೀಟರ್ ಮೇಲಿರುವ ಸಿಹಿನೀರಿಗೆ ಸುಮಾರು 40 ಮೀಟರ್ ಸಿಹಿನೀರು ಕೆಳಗಿರುತ್ತದೆ. ಮೇಲೆ ಒಂದು ಮೀಟರ್ ಇಳಿದರೆ ಕೆಳಗಿನಿಂದ ಉಪ್ಪು ಎಷ್ಟು ಏರಬಹುದೆಂದು ಇದರಿಂದಲೇ ಊಹಿಸಬಹುದು. ಬಾವಿಗಳ ನೀರಿನ ಮಟ್ಟವನ್ನೂ ಉಪ್ಪಿನಂಶವನ್ನು ತೋರಿಸುವ ವಿದ್ಯುತ್ ವಾಹಕತೆಯನ್ನೂ ತಿಂಗಳಿಗೊಮ್ಮೆ ಬರೆದಿಡಬೇಕು. ಹೊಳೆಯ ಮರಳನ್ನು ಅತಿಯಾಗಿ ತೆಗೆದರೆ ತಳ ಇಳಿದು ಉಬ್ಬರದ ನೀರು ಇನ್ನಷ್ಟು ಒಳಗೆ ಬರುತ್ತದೆ ಎಂಬುದನ್ನೂ ಈ ಅಂಕಿಗಳೊಂದಿಗೆ ಹೋಲಿಸಿ ನೋಡಬೇಕು.

ಉಬ್ಬರದ ನೆಲದಲ್ಲಿ ಬೆಳೆಯುವ ಕಾಂಡ್ಲಾ (ಮ್ಯಾಂಗ್ರೋವ್) ಗಿಡ ನೆಡುವ ಉತ್ಸಾಹ ಎಲ್ಲೆಡೆ ಇದೆ, ನೆಟ್ಟದ್ದು ಸಾಯುವುದೂ ಎಲ್ಲೆಡೆ ಇದೆ. ಖಾಲಿ ಕಾಣುವ ಕೆಸರುಬಯಲಿನಲ್ಲಿ ಒಂದೇ ಜಾತಿಯ ಗಿಡಗಳನ್ನು ಸಾಲಾಗಿ ಚುಚ್ಚಿದರೆ ದಿನದ ಬಹುಪಾಲು ಮುಳುಗಿಯೇ ಇದ್ದು ಕೊಳೆಯುತ್ತವೆ, ಏಕೆಂದರೆ ಕಾಂಡ್ಲಾ ಸಹಜವಾಗಿ ಬೆಳೆಯುವುದು ಹೆಚ್ಚಾಗಿ ಸರಾಸರಿ ಸಮುದ್ರ ಮಟ್ಟಕ್ಕಿಂತ ಮೇಲಿನ ಉಬ್ಬರದ ನೆಲದಲ್ಲಿ. ಕಾಂಡ್ಲಾ ಕಾಡುಗಳನ್ನು ಮರಳಿ ಬೆಳೆಸುವುದರಲ್ಲಿ ತಜ್ಞರಾಗಿದ್ದ ಫ್ಲಾರಿಡಾದ ರಾಬಿನ್ ಲೂಯಿಸ್ ಜೀವನವಿಡೀ ಹೇಳಿದ್ದು, ಗಿಡ ಯಾಕೆ ತಾನಾಗಿ ಬರುತ್ತಿಲ್ಲ ಎಂದು ಮೊದಲು ನೋಡಿ ಎಂಬುದನ್ನು. ಒಡ್ಡೊಂದು ಉಬ್ಬರವನ್ನು ತಡೆದಿದ್ದರೆ ಅದನ್ನು ಸೂಕ್ತ ಜಾಗದಲ್ಲಿ ಕಡಿದು ನೀರಿಗೆ ದಾರಿ ಮಾಡಬೇಕು. ಹತ್ತಿರದಲ್ಲಿ ತಾಯಿಮರಗಳಿದ್ದರೆ ಬೀಜ ತೇಲಿ ಬಂದು ಸರಿಯಾದ ಎತ್ತರದಲ್ಲಿ ಬೇರೂರುತ್ತದೆ. ಬೀಜ ಬರುವ ದಾರಿಯೇ ಇಲ್ಲದಿದ್ದರೆ ಮಾತ್ರ ನೆಡಬೇಕು.

ಅಂಕಿಗಳನ್ನು ಕಚೇರಿಗೆ ಒಯ್ಯುವುದು

ಅಧಿಕಾರಿಗಳ ಮುಂದೆ ಹೋಗುವಾಗ ಹೊಳೆ ಕೆಟ್ಟಿದೆ ಎಂಬ ಮನವಿಗಿಂತ, ಇಂಥ ಮೋರಿಯ ಕೆಳಗೆ ಇಷ್ಟು, ಮೇಲೆ ಇಷ್ಟು, ಇಷ್ಟು ತಿಂಗಳಿಂದ ಹೀಗೇ ಇದೆ ಎನ್ನುವ ಒಂದು ಪುಟ ಹೆಚ್ಚು ದೂರ ಹೋಗುತ್ತದೆ. ಅದಕ್ಕೆ ದಿನಾಂಕವಿರುವ ಫೋಟೋ, ನಕ್ಷೆಯ ತುಣುಕು, ಪ್ರಯೋಗಾಲಯದ ವರದಿ ಮತ್ತು ಮಾದರಿ ತೆಗೆದ ವಿಧಾನವನ್ನು ಸೇರಿಸಬೇಕು. ಪ್ರತಿ ಹತ್ತು ಮಾದರಿಗೆ ಒಂದನ್ನು ಅದೇ ಜಾಗದಲ್ಲಿ ಎರಡು ಸಲ ತೆಗೆದು ಹೋಲಿಸಿದ್ದರೆ, ಹವ್ಯಾಸಿಗಳ ಅಂಕಿ ಎಂದು ಬದಿಗೆ ಸರಿಸುವುದು ಸುಲಭವಾಗುವುದಿಲ್ಲ. ಒಳ್ಳೆಯ ಫಲಿತಾಂಶಗಳನ್ನೂ ಅದರಲ್ಲೇ ತೋರಿಸಬೇಕು. ಕೆಟ್ಟದ್ದನ್ನು ಮಾತ್ರ ಆರಿಸಿ ತಂದವರೆಂಬ ಹೆಸರು ಒಮ್ಮೆ ಬಂದರೆ ಮುಂದಿನ ವರದಿಯನ್ನು ಯಾರೂ ಓದುವುದಿಲ್ಲ. ಆ ಪುಟದ ಒಂದು ಪ್ರತಿಯನ್ನು ಹೊಳೆಯ ಮೇಲ್ಭಾಗದ ಊರುಗಳಿಗೂ ಅದೇ ದಿನ ತಲುಪಿಸಬೇಕು, ತಮ್ಮ ಬಗ್ಗೆ ಬರೆದದ್ದನ್ನು ಅವರು ಕಚೇರಿಯಿಂದ ತಿಳಿಯುವಂತಾಗಬಾರದು. ಮೋರಿ ದುರಸ್ತಿಯಾದ ಮೇಲೂ ಕನಿಷ್ಠ ಒಂದು ಪೂರ್ತಿ ಮಳೆಗಾಲ ಅದೇ ಜಾಗದಲ್ಲಿ ಅಳತೆ ಮುಂದುವರಿಯಬೇಕು.