ಕೊಡಗಿನ ಮಳೆಯಲ್ಲಿ ಗಿಡ್ಡ ತಳಿಯ ಹಾಲಿನ ಆಡುಗಳ ಆರೈಕೆ

ಗಿಡ್ಡ ತಳಿಯ ಆಡುಗಳು ಒದ್ದೆ ನೆಲವನ್ನು ತಾಳಲಾರವು. ಆದ್ದರಿಂದ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆ ಸುರಿಯುವ ಕೊಡಗಿನಲ್ಲಿ ಕೊಟ್ಟಿಗೆಯ ನೆಲವನ್ನು ಎತ್ತರಿಸಿ, ಹಿಕ್ಕೆ ಕೆಳಗೆ ಬೀಳುವಷ್ಟು, ಆದರೆ ಗೊರಸು ಸಿಕ್ಕಿಕೊಳ್ಳದಷ್ಟು ಸಂದು ಬಿಟ್ಟು ಹಲಗೆ ಹಾಸುವುದೇ ಮೊದಲ ಕೆಲಸವಾಗಬೇಕು. ತೇವದಲ್ಲಿ ಗೊರಸು ಕೊಳೆಯುವುದಲ್ಲದೆ ಜಂತುಹುಳುಗಳೂ ಹೆಚ್ಚುವುದರಿಂದ, ಆಗಾಗ ಕೆಳರೆಪ್ಪೆಯ ಒಳಭಾಗವನ್ನು ನೋಡಿ, ಹುಳುಗಳು ರಕ್ತ ಹೀರಿ ಅದು ಬಿಳಿಚಿಕೊಂಡಿದ್ದರೆ ತಡಮಾಡದೆ ಪಶುವೈದ್ಯರನ್ನು ಕಾಣಬೇಕು. ಆಡು-ಕುರಿಗಳಿಗೆ ಬರುವ ಮಾರಕ ಸಾಂಕ್ರಾಮಿಕ ರೋಗವಾದ ಪಿಪಿಆರ್‌ನ ಲಸಿಕೆಯ ಬಗೆಗೂ ಅವರನ್ನೇ ಕೇಳಿರಿ.

ಹಲಸಿನ ಸೊಪ್ಪು ಒಳ್ಳೆಯ ಮೇವು. ಕಾಫಿಗೂ ಮೆಣಸಿಗೂ ಶಿಲೀಂಧ್ರ ರೋಗ ತಡೆಯುವ ಬೋರ್ಡೋ ದ್ರಾವಣ ಸಿಂಪಡಿಸಿದ ತೋಟದ ಸೊಪ್ಪನ್ನು ಮಾತ್ರ, ಆ ದ್ರಾವಣದಲ್ಲಿ ಹೆಚ್ಚಾದರೆ ವಿಷವಾಗುವ ತಾಮ್ರವಿರುವುದರಿಂದ, ಹಾಕಲೇಬಾರದು.

ದೊಡ್ಡ ತಳಿಯ ಹೋತವನ್ನು ಗಿಡ್ಡ ಆಡಿಗೆ ಕೂಡಿಸಿದರೆ ಹೆರಿಗೆ ಕಷ್ಟವಾಗುತ್ತದೆ. ಇದು ತಾಯಿಯ ಜೀವದ ಪ್ರಶ್ನೆ. ಗರ್ಭಾವಧಿ ಸುಮಾರು 150 ದಿನ. ಹುಟ್ಟಿದ ಮರಿಗೆ ಒಂದೆರಡು ಗಂಟೆಯೊಳಗೆ ಗಿಣ್ಣುಹಾಲು ಕುಡಿಸಿರಿ.