ನೀರು ಹಾಕದ ಸಿಹಿ: ಟಿವಿಯಲ್ಲಿ ಕಂಡ ಅಡುಗೆಯೊಂದನ್ನು ನಾನು ಹುಡುಕಿದ ಬಗೆ

ಟಿವಿಯಲ್ಲಿ ನೋಡಿದ ಅಡುಗೆಗೆ ನಾಲಿಗೆಯ ಸಾಕ್ಷಿ ಇರುವುದಿಲ್ಲ. ಅಜ್ಜಿಯ ಕೈಯ ಸಾರನ್ನು ಮತ್ತೆ ಮಾಡಲು ಹೊರಟವರಿಗೆ ರುಚಿಯ ನೆನಪು ಜೊತೆಗಿರುತ್ತದೆ. ಹುಳಿ ಹೆಚ್ಚಾಯಿತು, ಮೆಣಸು ಸಾಲದು ಎಂದು ತಿದ್ದಿಕೊಳ್ಳುತ್ತಾ ಹೋಗಬಹುದು. ತೆರೆಯ ಮೇಲೆ ಕಂಡದ್ದನ್ನು ನಾವು ತಿಂದಿಲ್ಲ, ಅದರ ಪರಿಮಳವೂ ನಮಗೆ ತಾಗಿಲ್ಲ. ಉಳಿದಿರುವುದು ಕಣ್ಣಿಗೆ ಕಂಡ ಕೆಲವು ಕೆಲಸಗಳು, ಕಿವಿಗೆ ಬಿದ್ದ ಒಂದೆರಡು ಮಾತುಗಳು. ಸೌತೆಕಾಯಿಯ ಸಿಹಿಯೊಂದನ್ನು ಹುಡುಕಲು ನನ್ನ ಬಳಿ ಇದ್ದದ್ದೂ ಅಷ್ಟೇ.

ಹಾಸನದ ಚಿಕ್ಕಮ್ಮನ ಮನೆಯಲ್ಲಿ ರಜೆಯ ಮಧ್ಯಾಹ್ನಗಳಲ್ಲಿ ಅಡುಗೆ ಕಾರ್ಯಕ್ರಮ ನೋಡುವುದು ರೂಢಿ. ಅದರಲ್ಲೊಂದು ದಿನ, ಹಳ್ಳಿಮನೆಯೊಂದರಲ್ಲಿ ಹೆಂಗಸೊಬ್ಬರು ದೊಡ್ಡ ಸೌತೆಕಾಯಿ ತುರಿದು, ಬೆಲ್ಲ ಹಾಕಿ, ಏನನ್ನೋ ತಿರುವಿ, ಪಾತ್ರೆಯ ಮುಚ್ಚಳದ ಮೇಲೆ ಕೆಂಡ ಹರಡಿದರು. ನಮ್ಮ ಕಡೆ ಸೌತೆಕಾಯಿ ಎಂದರೆ ಕೋಸಂಬರಿ, ಮೊಸರುಬಜ್ಜಿ, ಹೆಚ್ಚೆಂದರೆ ಹುಳಿ. ಅದರಲ್ಲಿ ಸಿಹಿ ಮಾಡುತ್ತಾರೆಂಬುದೇ ಆಶ್ಚರ್ಯವಾಗಿ ಮನಸ್ಸಿನಲ್ಲಿ ಉಳಿಯಿತು. ಕಾರ್ಯಕ್ರಮದ ಹೆಸರು, ಆ ಊರು, ತಿಂಡಿಯ ಹೆಸರು ಯಾವುದೂ ಉಳಿಯಲಿಲ್ಲ.

ಮೊದಲು ಕಾರ್ಯಕ್ರಮವನ್ನೇ ಹುಡುಕುವ ಯೋಚನೆ ಬಂತು. ಉದಯ ಟಿವಿ ಆರಂಭವಾದದ್ದು 1994ರಲ್ಲಿ, ಈಟಿವಿ ಕನ್ನಡ 2000ದ ಕೊನೆಗೆ. ದೂರದರ್ಶನದ ಬೆಂಗಳೂರು ಕೇಂದ್ರವಂತೂ ಇವೆರಡಕ್ಕಿಂತ ಹಳೆಯದು. ನಾನು ನೋಡಿದ್ದು ಇವುಗಳಲ್ಲಿ ಯಾವುದರಲ್ಲಾದರೂ ಆಗಿರಬಹುದು. ಯೂಟ್ಯೂಬ್ ಹುಟ್ಟಿದ್ದೇ 2005ರಲ್ಲಿ. ಅದಕ್ಕೂ ಮುಂಚಿನ ಮಧ್ಯಾಹ್ನದ ಕಾರ್ಯಕ್ರಮಗಳನ್ನು ಯಾರಾದರೂ ಆಮೇಲೆ ಅಕ್ಕರೆಯಿಂದ ಹಾಕಿದ್ದರೆ ಮಾತ್ರ ಅಲ್ಲಿ ಸಿಕ್ಕಾವು. ಹೀಗಾಗಿ ಆ ಕಂತಿನ ಆಸೆ ಬಿಟ್ಟು, ಆ ತಿಂಡಿಯನ್ನೇ ಹುಡುಕಲು ನಿಂತೆ.

ಹುಡುಕುವ ಮೊದಲು ಮಾಡಿದ ಕೆಲಸ ಬರೆದಿಟ್ಟದ್ದು. ಇದನ್ನು ಒತ್ತಿ ಹೇಳುತ್ತೇನೆ, ಏಕೆಂದರೆ ಮಿಕ್ಕ ಎಲ್ಲವೂ ಇದರ ಮೇಲೆ ನಿಂತಿದೆ. ಮೊಬೈಲ್ ತೆಗೆದು ಸಾಲಾಗಿ ವಿಡಿಯೊ ನೋಡಿದರೆ ಅವುಗಳ ಪಾತ್ರೆ, ಬಣ್ಣ, ಅಳತೆಗಳೆಲ್ಲ ಸದ್ದಿಲ್ಲದೆ ನಮ್ಮ ನೆನಪಿನೊಳಗೆ ಸೇರಿಕೊಳ್ಳುತ್ತವೆ. ಆಮೇಲೆ ಯಾವುದು ಅಂದು ಕಂಡದ್ದು, ಯಾವುದು ನಿನ್ನೆ ಕಂಡದ್ದು ಎಂದು ಬೇರ್ಪಡಿಸಲು ಆಗುವುದಿಲ್ಲ. ನೋಟ್‌ಪುಸ್ತಕದ ಎಡಗಡೆಗೆ ಖಂಡಿತ ಕಂಡದ್ದನ್ನು, ಬಲಗಡೆಗೆ ಇದ್ದಿರಬೇಕು ಎನಿಸಿದ್ದನ್ನು ಬರೆದುಕೊಂಡೆ. ತುರಿದ ಸೌತೆಕಾಯಿ, ಪುಡಿ ಬೆಲ್ಲ, ಕೆಂಡ, ಕಂದು ಬಣ್ಣ, ಚಾಕುವಿನಲ್ಲಿ ಕತ್ತರಿಸಿದ ತುಂಡುಗಳು ಎಡಕ್ಕೆ. ಏಲಕ್ಕಿ, ತುಪ್ಪ, ತೆಂಗಿನಕಾಯಿ ಬಲಕ್ಕೆ. ಏಲಕ್ಕಿ ನನಗೆ ನೆನಪಿದ್ದದ್ದು ನಮ್ಮ ಸಿಹಿಗಳಿಗೆಲ್ಲ ಅದನ್ನು ಹಾಕುವುದರಿಂದಲೋ, ಆ ಹೆಂಗಸು ಹಾಕಿದ್ದರಿಂದಲೋ ಹೇಳಲು ಬರುವಂತಿರಲಿಲ್ಲ.

ಆಮೇಲೆ ಚಿಕ್ಕಮ್ಮನಿಗೆ ಫೋನ್ ಮಾಡಿದೆ. “ಸೌತೆಕಾಯಿಯ ಸಿಹಿ ನೆನಪಿದೆಯಾ?” ಎಂದು ಕೇಳಿದ್ದರೆ ಅವರು “ಹೌದು, ಹೌದು” ಎಂದು ನನ್ನ ಮಾತನ್ನೇ ನನಗೆ ಹಿಂದಿರುಗಿಸುತ್ತಿದ್ದರು. ಅದಕ್ಕೇ, “ಚಿಕ್ಕಮ್ಮ, ಮುಚ್ಚಳದ ಮೇಲೆ ಕೆಂಡ ಹಾಕಿ ಮಾಡಿದ್ದೊಂದು ನೋಡಿದ್ದೆವಲ್ಲ, ಏನೇನು ನೆನಪಿದೆ, ಹೇಳಿ” ಎಂದಷ್ಟೇ ಕೇಳಿ ಸುಮ್ಮನಾದೆ. ಅವರು ಸ್ವಲ್ಪ ಹೊತ್ತು ಯೋಚಿಸಿ, “ನಡೆಸಿಕೊಡುವ ಹುಡುಗಿ ನೀರು ಯಾವಾಗ ಹಾಕುತ್ತೀರಿ ಎಂದು ಕೇಳಿದಳು. ಆಯಮ್ಮ, ಕಾಯಿಯಲ್ಲೇ ಇದೆಯಲ್ಲ ಎಂದರು. ಕೇಸರಿಬಾತಿನ ಹಾಗೆ ತಿರುವುತ್ತಿದ್ದರು. ಒಂದೇ ಲೋಟದಲ್ಲಿ ಎಲ್ಲವನ್ನೂ ಅಳೆದರು” ಎಂದರು.

ಈ ಮೂರು ಮಾತುಗಳಿಂದ ನನ್ನ ಹುಡುಕಾಟಕ್ಕೆ ಬೆನ್ನೆಲುಬು ಬಂತು. ಇವೆಲ್ಲವೂ ಮಾಡುವ ರೀತಿಗೆ ಸಂಬಂಧಿಸಿದವು. ಅಡುಗೆಮನೆಯಲ್ಲಿ ಕೆಲಸ ಮಾಡುವ ಹೆಂಗಸರು ಇನ್ನೊಬ್ಬರ ಕೈಯನ್ನು ಗಮನಿಸುತ್ತಾರೆ. ಸಾಮಾನಿನ ಪಟ್ಟಿ ಮರೆತುಹೋದರೂ ತಿರುವಿದ ರೀತಿ, ಸುರಿದ ಕ್ರಮ ಮನಸ್ಸಿನಲ್ಲಿ ನಿಲ್ಲುತ್ತವೆ. ಅಲ್ಲಿಂದ ಮುಂದೆ ನಾನು ಹೆಸರಿನ ಬೆನ್ನು ಬೀಳದೆ ಈ ಕೆಲಸಗಳ ಬೆನ್ನು ಹತ್ತಿದೆ: ನೀರು ಹಾಕದೆ ಬೇಯುವುದು, ಒಲೆಯ ಮೇಲೆ ಮೊದಲು ತಿರುವುವುದು, ಆಮೇಲೆ ಮೇಲೆ ಕೆಳಗೆ ಎರಡೂ ಕಡೆ ಕಾವು ಕೊಡುವುದು.

ಸೌತೆಕಾಯಿಯ ಸಿಹಿಗಳು ನಾನು ಎಣಿಸಿದ್ದಕ್ಕಿಂತ ಹೆಚ್ಚೇ ಇವೆ. ಮಲೆನಾಡು, ಕರಾವಳಿಗಳಲ್ಲಿ ಸೌತೆಕಾಯಿ ಕಡುಬು ಮಾಡುತ್ತಾರೆ. ಅದಕ್ಕೆ ಅಕ್ಕಿ ನೆನೆಸಿ ಕಾಯಿಯೊಂದಿಗೆ ರುಬ್ಬಿ, ಬಾಳೆಲೆಯಲ್ಲಿ ಸುತ್ತಿ ಹಬೆಯಲ್ಲಿ ಬೇಯಿಸುತ್ತಾರೆ. ಅಲ್ಲಿ ರುಬ್ಬುವ ಕೆಲಸವಿದೆ, ಎಲೆಯಿದೆ, ಕೆಂಡವಿಲ್ಲ. ಬೂದುಗುಂಬಳದ ಕಾಶಿ ಹಲ್ವದ ಹಾಗೆ ಸೌತೆಕಾಯಿಯಲ್ಲೂ ಹಲ್ವ ಮಾಡುವವರಿದ್ದಾರೆ. ಆದರೆ ಅದು ಸಕ್ಕರೆ ತುಪ್ಪದ ಹಲ್ವ, ಒಲೆಯ ಮೇಲೆಯೇ ಮುಗಿಯುತ್ತದೆ, ನಾನು ಕಂಡ ಕಂದು ಬಣ್ಣ ಅದಕ್ಕೆ ಬರುವುದಿಲ್ಲ. ಹೀಗೆ ಒಂದೊಂದನ್ನೇ ಬಿಡುತ್ತಾ ಬಂದಾಗ ಉಳಿದದ್ದು ಕೊಂಕಣಿ ಮನೆಗಳ ತವಸಳಿ. ಗೋವಾದಲ್ಲೂ ನಮ್ಮ ಕರಾವಳಿಯ ಕೊಂಕಣಿಗರಲ್ಲೂ ಇದು ಮಳೆಗಾಲದ ತಿಂಡಿ. ಮಹಾರಾಷ್ಟ್ರದ ಕೊಂಕಣ ಸೀಮೆಯಲ್ಲಿ ಇದರ ನಂಟನಾದ ಧೋಂಡಸ ಇದೆ. ಅಕ್ಕಿ ತರಿ ಇಲ್ಲವೇ ರವೆ, ಸೌತೆಕಾಯಿ, ಬೆಲ್ಲ, ತೆಂಗಿನತುರಿ. ಕೇಕಿನಂತೆ ಬೇಯಿಸಿ ತುಂಡು ಮಾಡುವುದು. ಓವನ್ ಇಲ್ಲದ ಮನೆಗಳಲ್ಲಿ ಮುಚ್ಚಳದ ಮೇಲೆ ಕೆಂಡ.

ಮೈಸೂರಿನಲ್ಲಿ ನಮ್ಮ ಬೀದಿಯಲ್ಲೇ ಕುಮಟಾ ಕಡೆಯ ಕೊಂಕಣಿ ಅಕ್ಕ ಒಬ್ಬರಿದ್ದಾರೆ. ಅವರಿಗೆ ನನ್ನ ಎಡಗಡೆಯ ಪಟ್ಟಿಯನ್ನಷ್ಟೇ ಓದಿದೆ. ಕೆಂಡ ಎಂದ ಕೂಡಲೇ ಅವರ ಮುಖ ಅರಳಿತು. “ನಮ್ಮ ಅಮ್ಮ ತೆಂಗಿನ ಗೆರಟೆಯ ಕೆಂಡ ಹಾಕುತ್ತಿದ್ದರು” ಎಂದರು. ಅಳತೆ ಕೇಳಿದರೆ ನಕ್ಕು, “ಕಾಯಿ ಎಷ್ಟು ನೀರು ಬಿಡುತ್ತದೋ ಅಷ್ಟು ತರಿ” ಎಂದರು. ಇದು ತಪ್ಪಿಸಿಕೊಳ್ಳುವ ಮಾತಲ್ಲ. ಸೌತೆಕಾಯಿಯ ತೂಕದಲ್ಲಿ ಸುಮಾರು ನೂರಕ್ಕೆ 95 ಪಾಲು ನೀರೇ ಇರುತ್ತದೆ. ಎಳೆಯದಾದರೆ ಒಂದು ರೀತಿ, ಬಲಿತದ್ದಾದರೆ ಇನ್ನೊಂದು ರೀತಿ ಬಿಡುತ್ತದೆ. ಅಳತೆಯನ್ನು ಕಾಯಿಯೇ ನಿರ್ಧರಿಸಬೇಕು.

ನಾನು ಮಾಡಿ ಮಾಡಿ ಒಪ್ಪಿಕೊಂಡ ಕ್ರಮ ಹೀಗಿದೆ. ಬಲಿತು ಹಳದಿಗೆ ತಿರುಗುತ್ತಿರುವ ದೊಡ್ಡ ಸೌತೆಕಾಯಿ ಬೇಕು. ಎಳೆ ಕಾಯಿಯಲ್ಲಿ ನೀರು ಬರುತ್ತದೆ, ಪರಿಮಳ ಬರುವುದಿಲ್ಲ. ತೊಟ್ಟಿನ ಕಡೆಯ ಚೂರನ್ನು ಕಡ್ಡಾಯವಾಗಿ ಬಾಯಿಗೆ ಹಾಕಿ ನೋಡಬೇಕು. ಕಹಿ ಹೆಚ್ಚಾಗಿ ಅಲ್ಲಿ ಮತ್ತು ಸಿಪ್ಪೆಯ ಬಳಿ ಸೇರಿರುತ್ತದೆ, ಬೆಲ್ಲ ಅದನ್ನು ಮುಚ್ಚುವುದಿಲ್ಲ. ಕಹಿ ಇದ್ದರೆ ಆ ಕಾಯಿಯನ್ನೇ ಬಿಡಿ. ಸಿಪ್ಪೆ, ತಿರುಳಿನ ಬೀಜ ತೆಗೆದು ತುರಿದು, ರಸವನ್ನು ಹಿಂಡದೆ ಎರಡು ಲೋಟ ಅಳೆಯುತ್ತೇನೆ. ಅದಕ್ಕೆ ಮುಕ್ಕಾಲು ಲೋಟ ಪುಡಿ ಬೆಲ್ಲ, ಚಿಟಿಕೆ ಉಪ್ಪು ಬೆರೆಸಿ ಅರ್ಧ ಗಂಟೆ ಬಿಡುತ್ತೇನೆ. ಬೆಲ್ಲ, ಉಪ್ಪುಗಳು ಕಾಯಿಯ ನೀರನ್ನು ಹೊರಕ್ಕೆ ಎಳೆಯುತ್ತವೆ. ಅಷ್ಟು ಹೊತ್ತಿಗೆ ಪಾತ್ರೆಯ ತುಂಬ ಪಾಕದಂಥ ರಸ ನಿಂತಿರುತ್ತದೆ, ಚಿಕ್ಕಮ್ಮ ಕೇಳಿಸಿಕೊಂಡಿದ್ದ ಮಾತಿನ ಅರ್ಥ ಕಣ್ಣೆದುರೇ ತಿಳಿಯುತ್ತದೆ.

ಅಕ್ಕಿಯನ್ನು ತೊಳೆದು, ಬಟ್ಟೆಯ ಮೇಲೆ ಒಣಗಿಸಿ, ಮಿಕ್ಸಿಯಲ್ಲಿ ತರಿಯಾಗಿ ಒಡೆದುಕೊಳ್ಳುತ್ತೇನೆ. ಒಂದು ಲೋಟ ತರಿಯನ್ನು ತುಪ್ಪದಲ್ಲಿ ಘಮ ಬರುವವರೆಗೆ ಹುರಿದು ಬದಿಗಿಡಬೇಕು. ದಪ್ಪ ತಳದ ಬಾಣಲೆಯಲ್ಲಿ ಸೌತೆ, ಬೆಲ್ಲದ ರಸ ಕುದಿ ಬಂದಾಗ ಅರ್ಧ ಲೋಟ ತೆಂಗಿನತುರಿ ಸೇರಿಸಿ, ಒಂದು ಕೈಯಲ್ಲಿ ತರಿ ಉದುರಿಸುತ್ತಾ ಇನ್ನೊಂದು ಕೈಯಲ್ಲಿ ತಿರುವಬೇಕು. ಉರಿ ಸಣ್ಣದಿರಲಿ. ಟಿವಿಯಲ್ಲಿ ಈ ಭಾಗ ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿದಿತ್ತು, ಮುಂದಿನ ದೃಶ್ಯದಲ್ಲಿ ಮುಚ್ಚಳ ಬಿದ್ದಿತ್ತು. ಕತ್ತರಿಸಿ ಜೋಡಿಸಿದ ದೃಶ್ಯಗಳಿಂದ ಹೊತ್ತಿನ ಅಂದಾಜು ಸಿಗುವುದಿಲ್ಲ. ಆದ್ದರಿಂದ ಗಡಿಯಾರ ಬಿಟ್ಟು ಮುದ್ದೆಯನ್ನು ನೋಡುತ್ತೇನೆ. ಅದು ಬಾಣಲೆಯ ಅಂಚು ಬಿಟ್ಟು ಸೌಟಿನೊಂದಿಗೆ ಸುತ್ತಬೇಕು, ತರಿ ಹಲ್ಲಿಗೆ ಸಿಕ್ಕಿದರೂ ಒಳಗೆ ಹಸಿಯಿರಬಾರದು.

ಕೆಂಡದ ಬದಲು ನಾನು ಓವನ್ ಬಳಸುತ್ತೇನೆ. ತುಪ್ಪ ಸವರಿದ ತಟ್ಟೆಗೆ ಮುದ್ದೆ ಹರಡಿ, ಮೇಲಿನ ಕೆಳಗಿನ ಎರಡೂ ಕಾವು ಹಾಕಿ 180 ಡಿಗ್ರಿಯಲ್ಲಿ ಸುಮಾರು 40 ನಿಮಿಷ. ಓವನ್ ಇಲ್ಲದವರು ಹಳೆಯ ಕಾವಲಿಯ ಮೇಲೆ ದಪ್ಪ ಪಾತ್ರೆ ಇಟ್ಟು, ಬಿಗಿಯಾಗಿ ಮುಚ್ಚಿ, ಸಣ್ಣ ಉರಿಯಲ್ಲಿ ಬೇಯಿಸಬಹುದು. ಬೇಯುತ್ತದೆ, ಆದರೆ ಮೇಲ್ಮೈ ಬಿಳಿಚಿಕೊಂಡೇ ಇರುತ್ತದೆ, ಒಂದು ಬದಿ ಕೆಂಪಾದ ಮೇಲೆ ಮಗುಚಿ ಹಾಕಬೇಕಾಗುತ್ತದೆ. ಕೆಂಡದ ಕೆಲಸವೇ ಆ ಮೇಲಿನ ಪದರವನ್ನು ಒಣಗಿಸಿ ಕಂದಾಗಿಸುವುದು. ಆರುವ ಮೊದಲು ಕತ್ತರಿಸಿದರೆ ಚಾಕುವಿಗೆ ಅಂಟುತ್ತದೆ.

ಬಣ್ಣ, ತುಂಡಿನ ಅಂಚು, ಒಳಗಿನ ಹದ ಎಲ್ಲವೂ ಎಡಗಡೆಯ ಪಟ್ಟಿಗೆ ಹೊಂದಿದವು. ಆದರೂ ರುಚಿ ಸರಿಯೆಂದು ಹೇಳುವ ಅಧಿಕಾರ ನನಗಿರಲಿಲ್ಲ, ಚಿಕ್ಕಮ್ಮನಿಗೂ ಇರಲಿಲ್ಲ. ಅದನ್ನು ಚಿಕ್ಕಂದಿನಿಂದ ತಿಂದು ಬೆಳೆದವರೇ ಹೇಳಬೇಕು. ಕುಮಟಾದ ಅಕ್ಕನಿಗೆ ಕೊಟ್ಟೆ. ಅವರು ಒಂದು ತುಂಡು ತಿಂದು, ಇನ್ನೊಂದನ್ನು ಮೂಗಿನ ಹತ್ತಿರ ಹಿಡಿದು, “ಹದ ಸರಿ ಇದೆ. ಅರಿಶಿನದ ಎಲೆ ಎಲ್ಲಿ?” ಎಂದರು. ಅವರ ಮನೆಯಲ್ಲಿ ಪಾತ್ರೆಯ ತಳಕ್ಕೆ ಆ ಎಲೆ ಹಾಸಿ ಅದರ ಮೇಲೆ ಮುದ್ದೆ ಹರಡುತ್ತಿದ್ದರಂತೆ. ಏಲಕ್ಕಿ ಹಾಕುತ್ತಿರಲಿಲ್ಲವಂತೆ. ನನ್ನ ಬಲಗಡೆಯ ಪಟ್ಟಿಯಿಂದ ಏಲಕ್ಕಿಯನ್ನು ಅಂದೇ ಹೊಡೆದು ಹಾಕಿದೆ. ತುಪ್ಪ, ತೆಂಗು ಎಡಕ್ಕೆ ಬಂದವು. ಟಿವಿಯಲ್ಲಿ ಎಲೆ ಕಂಡ ನೆನಪು ನನಗಿಲ್ಲ, ತಳಕ್ಕೆ ಹಾಸಿದ್ದು ಕ್ಯಾಮೆರಾಕ್ಕೆ ಕಾಣದೆಯೂ ಇರಬಹುದು. ಆದರೆ ಎಲೆ ಹಾಕಿ ಮಾಡಿದ ತವಸಳಿಯನ್ನು ತಿಂದ ಮೇಲೆ ಎಲೆಯಿಲ್ಲದೆ ಮಾಡಲು ಮನಸ್ಸು ಬರುವುದಿಲ್ಲ.

ಮೈಸೂರಿನಲ್ಲಿ ಅರಿಶಿನದ ಎಲೆಗಾಗಿ ಅಲೆಯುವುದಕ್ಕಿಂತ ಬೆಳೆದುಕೊಳ್ಳುವುದು ಸುಲಭ. ಮೇ ತಿಂಗಳಲ್ಲಿ ಮೊಳಕೆಯೊಡೆದ ಹಸಿ ಅರಿಶಿನದ ಕೊಂಬನ್ನು ಅಗಲ ಕುಂಡದಲ್ಲಿ ನೆಟ್ಟರೆ ಆಷಾಢ ಕಳೆಯುವಷ್ಟರಲ್ಲಿ ಎಲೆ ಕೀಳಬಹುದು. ಕರಾವಳಿಯವರು ನಾಗರಪಂಚಮಿಗೆ ಅರಿಶಿನ ಎಲೆಯ ಕಡುಬು ಮಾಡುವುದೂ ಆ ಹೊತ್ತಿಗೇ. ಬಲಿತ ಸೌತೆಕಾಯಿ ಮಾರುಕಟ್ಟೆಗೆ ಬರುವುದೂ ಅದೇ ಮಳೆಯಲ್ಲಿ.

ಒಂದು ವಿಷಯ ಮಾತ್ರ ಇನ್ನೂ ತೀರ್ಮಾನವಾಗಿಲ್ಲ. ಮೇಲೆ ಗೋಡಂಬಿ ಒತ್ತಿದ್ದರು ಎಂದು ಚಿಕ್ಕಮ್ಮ ಖಂಡಿತವಾಗಿ ಹೇಳುತ್ತಾರೆ. ನನ್ನ ಕಣ್ಣಿನ ನೆನಪಿನಲ್ಲಿ ಅದು ಬರಿಯ ಕಂದು ತಟ್ಟೆ. ಕುಮಟಾದ ಅಕ್ಕ ಎರಡೂ ರೂಢಿಯಲ್ಲಿವೆ ಎನ್ನುತ್ತಾರೆ. ಹಾಸನಕ್ಕೆ ಒಯ್ಯುವಾಗ ತಟ್ಟೆಯ ಅರ್ಧಕ್ಕೆ ಗೋಡಂಬಿ ಒತ್ತಿ, ಇನ್ನರ್ಧವನ್ನು ಹಾಗೆಯೇ ಬಿಟ್ಟು ಬೇಯಿಸುತ್ತೇನೆ.