ಮೀಟಿಂಗ್ ಮುಗಿದ ಮೇಲಿನ ಎರಡು ಗಂಟೆ

ಕೆಲಸದ ಮೇಲೆ ನಾಲ್ಕನೇ ಸಲ ಫ್ರಾಂಕ್‌ಫರ್ಟ್‌ಗೆ ಹೋಗಿ ಬಂದಾಗ ಮಗಳು ಕೇಳಿದಳು, "ಅಪ್ಪ, ಆ ಊರಲ್ಲಿ ನದಿ ಇದೆಯಾ?" ನನಗೆ ಗೊತ್ತಿರಲಿಲ್ಲ. ವಿಮಾನ ನಿಲ್ದಾಣ, ಟ್ಯಾಕ್ಸಿ, ಹೋಟೆಲ್, ಮೀಟಿಂಗ್ ರೂಮ್, ಮತ್ತೆ ಟ್ಯಾಕ್ಸಿ. ನಾಲ್ಕು ಸಲವೂ ಅಷ್ಟೇ ಆಗಿತ್ತು. ಆ ರಾತ್ರಿ ನಕ್ಷೆ ತೆಗೆದು ನೋಡಿದೆ. ಊರಿನ ನಟ್ಟನಡುವೆ ಮೈನ್ ನದಿ ಹರಿಯುತ್ತದೆ. ಊರಿನ ಪೂರ್ತಿ ಹೆಸರಿನಲ್ಲೇ ಆ ನದಿ ಇದೆ. ತುಂಬಾ ಬೇಜಾರಾಯಿತು.

ಅಲ್ಲಿಂದೀಚೆಗೆ ಯಾವ ದೇಶಕ್ಕೆ ಹೋದರೂ ದಿನಕ್ಕೆ ಎರಡು ಗಂಟೆಯನ್ನು ಊರಿಗೆ ಅಂತ ಎತ್ತಿಡುತ್ತೇನೆ. ಇದಕ್ಕೆ ರಜೆ ಬೇಕಿಲ್ಲ, ಕೆಲಸ ತಪ್ಪಿಸಬೇಕಿಲ್ಲ. ಆ ಸಮಯ ನನಗೆ ಸಿಕ್ಕಿದ್ದು ಜೆಟ್ ಲ್ಯಾಗ್‌ನಿಂದ. ಪಶ್ಚಿಮದ ಕಡೆ ಹಾರಿದರೆ ಬೆಳಗಿನ ಜಾವವೇ ಎಚ್ಚರವಾಗುತ್ತದೆ. ಪೂರ್ವಕ್ಕೆ ಹೋದರೆ ರಾತ್ರಿ ಎಷ್ಟು ಹೊತ್ತಾದರೂ ನಿದ್ದೆ ಹತ್ತುವುದಿಲ್ಲ. ಮೊದಲೆಲ್ಲ ಆ ಹೊತ್ತಿನಲ್ಲಿ ಸುಮ್ನೆ ಲ್ಯಾಪ್‌ಟಾಪ್ ತೆರೆದು ಕೂರುತ್ತಿದ್ದೆ. ಈಗ ಶೂ ಹಾಕಿಕೊಂಡು ಹೊರಡುತ್ತೇನೆ. ಯುರೋಪಿನಲ್ಲಿ ಬೆಳಗ್ಗೆ ಸುತ್ತಾಟ, ಜಪಾನಿನಲ್ಲಿ ರಾತ್ರಿ.

ಐದನೇ ಸಲ ಫ್ರಾಂಕ್‌ಫರ್ಟ್‌ಗೆ ಹೋದದ್ದು ಜೂನ್‌ನಲ್ಲಿ. ಬೆಳಗ್ಗೆ ಐದೂವರೆಗೆ ಹೋಟೆಲ್‌ನಿಂದ ಹೊರಟರೆ ಆಗಲೇ ಬೆಳಕು. ಸೀದಾ ನದಿಗೆ ಹೋದೆ. ಅಲ್ಲಿ 'ಐಸರ್ನರ್ ಸ್ಟೇಗ್' ಅಂತ ಒಂದು ಕಬ್ಬಿಣದ ಸೇತುವೆ ಇದೆ, 1869ರದ್ದು. ವಾಹನ ಬಿಡುವುದಿಲ್ಲ, ಬರೀ ನಡೆಯುವವರಿಗೆ. ಎರಡನೇ ಮಹಾಯುದ್ಧದ ಕೊನೆಯಲ್ಲಿ ಅದನ್ನು ಸಿಡಿಸಿದ್ದರು, ಆಮೇಲೆ ಮತ್ತೆ ಕಟ್ಟಿದರು. ಸೇತುವೆ ಇಳಿದು ಸ್ವಲ್ಪ ನಡೆದರೆ ರೋಮರ್‌ಬರ್ಗ್ ಚೌಕ, ಅದರ ಹಿಂದೆ ಹಳೇ ಪೇಟೆ. 1944ರ ಬಾಂಬ್ ದಾಳಿಯಲ್ಲಿ ಈ ಪೇಟೆ ಸುಟ್ಟುಹೋಗಿತ್ತು. ಅದರ ಕೆಲವು ಓಣಿಗಳನ್ನು ಹಳೇ ರೂಪದಲ್ಲೇ ಮತ್ತೆ ಕಟ್ಟಿ 2018ರಲ್ಲಿ ಜನರಿಗೆ ತೆರೆದರು. ಹಳೇ ಮನೆಗಳ ಉಳಿದ ಕಲ್ಲುಗಳನ್ನು ಹೊಸ ಗೋಡೆಗಳಲ್ಲಿ ಕೂರಿಸಿದ್ದಾರೆ. ಬಣ್ಣ ಬೇರೆ ಇರುವುದರಿಂದ ಎದ್ದು ಕಾಣುತ್ತವೆ. ಒಂದೊಂದನ್ನೇ ಮುಟ್ಟಿ ನೋಡುತ್ತಾ ನಿಂತೆ.

ಅವತ್ತು ಊಟದ ಬಿಡುವಿನಲ್ಲಿ, ನಾನು ಮೀಟಿಂಗ್‌ಗೆ ಹೋಗಿದ್ದ ಕಂಪನಿಯ ಹಿರಿಯರೊಬ್ಬರಿಗೆ ಈ ವಿಷಯ ಹೇಳಿದೆ. ಅವರೊಂದಿಗೆ ಮೂರು ವರ್ಷದಿಂದ ಕೆಲಸ ಮಾಡುತ್ತಿದ್ದರೂ ಲೆಕ್ಕಪತ್ರ ಬಿಟ್ಟು ಬೇರೆ ಮಾತು ಬಂದಿರಲಿಲ್ಲ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ನಮ್ಮ ಅಜ್ಜಿ ಹುಟ್ಟಿದ ಮನೆ ಅಲ್ಲೇ ಇತ್ತು" ಅಂದರು. ಆಮೇಲೆ ಅರ್ಧ ಗಂಟೆ ಅಜ್ಜಿಯ ಕಥೆ. ನನಗೆ ಆ ಊರು ಹತ್ತಿರವಾದದ್ದು ಅವತ್ತೇ.

ಉಳಿದ ಮೂರು ದಿನ ಬೇರೆ ಎಲ್ಲೂ ಹೋಗಲಿಲ್ಲ, ಅದೇ ದಾರಿಯಲ್ಲಿ ನಡೆದೆ. ಇದನ್ನು ಸ್ವಲ್ಪ ಒತ್ತಿ ಹೇಳುತ್ತೇನೆ. ಸಮಯ ಕಡಿಮೆ ಇದ್ದಾಗ ಜಾಸ್ತಿ ಜಾಗ ನೋಡಬೇಕು ಅನ್ನಿಸುತ್ತೆ, ಅಲ್ವಾ? ನಾನೂ ಹಾಗೆ ಮಾಡಿ ನೋಡಿದ್ದೇನೆ. ಒಂದು ಸಂಜೆಯಲ್ಲಿ ಐದು ಜಾಗ ಸುತ್ತಿದರೆ ಫೋನ್ ತುಂಬಾ ಫೋಟೊ ಉಳಿಯುತ್ತದೆ, ತಲೆಯಲ್ಲಿ ಏನೂ ಉಳಿಯುವುದಿಲ್ಲ. ಒಂದೇ ದಾರಿಯಲ್ಲಿ ನಾಲ್ಕು ದಿನ ನಡೆದರೆ ಯಾರು ಯಾವ ಹೊತ್ತಿಗೆ ಓಡಲು ಬರುತ್ತಾರೆ, ಯಾವ ಬೆಂಚು ಯಾರದ್ದು ಅಂತ ಗೊತ್ತಾಗುತ್ತದೆ. ನಾಯಿ ಕರೆದುಕೊಂಡು ಬರುತ್ತಿದ್ದ ಒಬ್ಬ ತಾತ ಮೂರನೇ ದಿನ ನನ್ನನ್ನು ನೋಡಿ ತಲೆಯಾಡಿಸಿದರು. ನಾಲ್ಕನೇ ದಿನ "ಮೋರ್ಗೆನ್" (ಶುಭೋದಯ) ಅಂದರು. ನಾನೂ ಅಂದೆ.

ಟೋಕಿಯೊದಲ್ಲಿ ನನ್ನ ಸಮಯ ರಾತ್ರಿ ಒಂಬತ್ತರ ಮೇಲೆ. ಅಸಾಕುಸಾದ ಸೆನ್ಸೊಜಿ ದೇವಾಲಯದಲ್ಲಿ ಹಗಲು ಕಾಲಿಡಲು ಜಾಗವಿರುವುದಿಲ್ಲ. ರಾತ್ರಿ ಒಳಗಿನ ಗುಡಿ ಮುಚ್ಚಿದ್ದರೂ ಅಂಗಳ ತೆರೆದೇ ಇರುತ್ತದೆ. ಕೆಂಪು ಗೋಪುರಕ್ಕೆ ದೀಪ ಹಾಕಿರುತ್ತಾರೆ. ಆಫೀಸ್ ಮುಗಿಸಿ ಮನೆಗೆ ಹೋಗುವವರು ಒಂದು ಕ್ಷಣ ನಿಂತು, ಕೈ ಮುಗಿದು ಮುಂದೆ ಹೋಗುತ್ತಾರೆ. ಅವರ ಜತೆ ನಾನೂ ನಿಂತೆ. ಒಂದು ಎಚ್ಚರಿಕೆ: ಅಲ್ಲಿ ರೈಲುಗಳು ರಾತ್ರಿಯಿಡೀ ಓಡುವುದಿಲ್ಲ. ಮಧ್ಯರಾತ್ರಿಯ ಆಸುಪಾಸು ನಿಂತರೆ ಮತ್ತೆ ಬೆಳಗಿನ ಜಾವವೇ. ಕೊನೆಯ ರೈಲಿನ ಸಮಯ ಮೊದಲೇ ನೋಡಿಟ್ಟುಕೊಳ್ಳಿ.

ಅದೇ ಪ್ರವಾಸದಲ್ಲಿ ಒಸಾಕಾಗೆ ಹೋಗಬೇಕಾಯಿತು. ಶಿಂಕಾನ್ಸೆನ್ ಅನ್ನುವ ಬುಲೆಟ್ ರೈಲಿನಲ್ಲಿ ಎರಡೂವರೆ ಗಂಟೆ. ಟೋಕಿಯೊದಲ್ಲಿ ಎಸ್ಕಲೇಟರ್ ಮೇಲೆ ಎಲ್ಲರೂ ಎಡಗಡೆ ನಿಲ್ಲುತ್ತಾರೆ. ಒಸಾಕಾದಲ್ಲಿ ನಾನೂ ಎಡಕ್ಕೆ ನಿಂತೆ. ನೋಡಿದರೆ ಎಲ್ಲರೂ ಬಲಗಡೆ! ಒಂದೇ ದೇಶ, ಎರಡು ಊರು, ಎರಡು ಅಭ್ಯಾಸ. ಇಂಥವು ಕಣ್ಣಿಗೆ ಬಿದ್ದಾಗ ನನಗೆ ಬಹಳ ಖುಷಿ.

ಮ್ಯೂಸಿಯಂ ಇಷ್ಟಪಡುವವರು ಒಂದು ಕೆಲಸ ಮಾಡಬಹುದು. ಬಹಳಷ್ಟು ದೊಡ್ಡ ಮ್ಯೂಸಿಯಂಗಳು ವಾರದಲ್ಲಿ ಒಂದೆರಡು ದಿನ ರಾತ್ರಿವರೆಗೂ ತೆರೆದಿರುತ್ತವೆ. ಪ್ಯಾರಿಸ್‌ನ ಓರ್ಸೆ ಮ್ಯೂಸಿಯಂಗೆ ಗುರುವಾರ ಆ ದಿನ. ಲಂಡನ್‌ನ ಬ್ರಿಟಿಷ್ ಮ್ಯೂಸಿಯಂಗೆ ಶುಕ್ರವಾರ. ಮೀಟಿಂಗ್ ದಿನಾಂಕ ಗೊತ್ತಾದ ಕೂಡಲೇ ಇದನ್ನು ನೋಡಿಕೊಳ್ಳುತ್ತೇನೆ. ಓರ್ಸೆ ಮೊದಲು ರೈಲು ನಿಲ್ದಾಣವಾಗಿತ್ತು, 1900ರ ಜಾಗತಿಕ ಪ್ರದರ್ಶನಕ್ಕೆಂದು ಕಟ್ಟಿದ್ದು. ಮ್ಯೂಸಿಯಂ ಆದದ್ದು 1986ರಲ್ಲಿ. ನಿಲ್ದಾಣದ ದೊಡ್ಡ ಗಡಿಯಾರದ ಗಾಜಿನ ಹಿಂದೆ ನಿಂತು ರಾತ್ರಿಯ ಸೇನ್ ನದಿ ನೋಡಬಹುದು. ನಾನು ಅಲ್ಲಿ ಚಿತ್ರಗಳಿಗಿಂತ ಜಾಸ್ತಿ ಹೊತ್ತು ಕಳೆದದ್ದು ಆ ಗಡಿಯಾರದ ಹತ್ತಿರವೇ.

ಸ್ಥಳೀಯ ಸಹೋದ್ಯೋಗಿಗಳನ್ನು ಕೇಳುವ ರೀತಿಯನ್ನೂ ಬದಲಾಯಿಸಿಕೊಂಡಿದ್ದೇನೆ. "ಇಲ್ಲಿ ನೋಡುವಂಥದ್ದು ಏನಿದೆ?" ಅಂದರೆ ಪ್ರವಾಸಿ ಪಟ್ಟಿ ಬರುತ್ತದೆ. "ಕೆಲಸ ಮುಗಿದ ಮೇಲೆ ನೀವು ಎಲ್ಲಿಗೆ ಹೋಗ್ತೀರಿ?" ಅಂತ ಕೇಳಬೇಕು. ಸಿಂಗಪುರದಲ್ಲಿ ಹಾಗೆ ಕೇಳಿದ್ದಕ್ಕೆ ಒಬ್ಬರು ತಮ್ಮ ಮನೆ ಹತ್ತಿರದ ಹಾಕರ್ ಸೆಂಟರ್‌ಗೆ, ಅಂದರೆ ಒಂದೇ ಸೂರಿನಡಿ ಹಲವು ಸಣ್ಣ ತಿಂಡಿ ಅಂಗಡಿಗಳಿರುವ ಜಾಗಕ್ಕೆ, ಕರೆದುಕೊಂಡು ಹೋದರು. ಖಾಲಿ ಮೇಜಿನ ಮೇಲೆ ಒಂದು ಟಿಶ್ಯೂ ಪೊಟ್ಟಣ ಇಟ್ಟು ನಡೆದೇಬಿಟ್ಟರು. ಅದು ಜಾಗ ಹಿಡಿಯುವ ರೀತಿ, ಅಲ್ಲಿಯವರು 'ಚೋಪ್' ಅನ್ನುತ್ತಾರೆ. ಯಾರೂ ಆ ಪೊಟ್ಟಣ ತೆಗೆಯುವುದಿಲ್ಲ. ಈ ಹಾಕರ್ ಸಂಸ್ಕೃತಿಯನ್ನು 2020ರಲ್ಲಿ ಯುನೆಸ್ಕೊ ತನ್ನ ಪರಂಪರೆಯ ಪಟ್ಟಿಗೆ ಸೇರಿಸಿತು.

ಕಾಗದ ಪತ್ರದ ವಿಷಯ ಚಿಕ್ಕದಾಗಿ ಹೇಳಿಬಿಡುತ್ತೇನೆ. ವಾರಾಂತ್ಯಕ್ಕೆ ಉಳಿಯುವುದಾದರೆ ವೀಸಾದಲ್ಲಿ ಬರೆದ ದಿನಗಳನ್ನು ಎಣಿಸಿಕೊಳ್ಳಿ. ಷೆಂಗೆನ್ ವೀಸಾದಲ್ಲಿ (ಯುರೋಪಿನ ಹಲವು ದೇಶಗಳಿಗೆ ಒಂದೇ ವೀಸಾ) ಕೊನೆಯ ದಿನಾಂಕದ ಜತೆಗೆ ಎಷ್ಟು ದಿನ ಇರಬಹುದು ಅಂತಲೂ ಇರುತ್ತದೆ. ಎರಡನ್ನೂ ನೋಡಬೇಕು. ಕಂಪನಿಯ ವಿಮೆ ಸ್ವಂತ ದಿನಗಳಿಗೂ ಅನ್ವಯಿಸುತ್ತದಾ ಅಂತ ಕೇಳಿಕೊಳ್ಳಿ. ಆ ದಿನಗಳ ಖರ್ಚಿಗೆ ನಾನು ಬೇರೆ ಕಾರ್ಡ್ ಬಳಸುತ್ತೇನೆ. ಮುಖ್ಯ ಪ್ರೆಸೆಂಟೇಶನ್ ಇರುವ ಹಿಂದಿನ ರಾತ್ರಿ ಮಾತ್ರ ಎಲ್ಲೂ ಹೋಗುವುದಿಲ್ಲ.

ಮುಂದಿನ ತಿಂಗಳು ಹೆಲ್ಸಿಂಕಿ. ಅಲ್ಲಿನ ಸಹೋದ್ಯೋಗಿಗೆ ಮೇಲ್‌ನಲ್ಲೇ ನನ್ನ ಪ್ರಶ್ನೆ ಕೇಳಿದೆ. ಸಂಜೆ ಮಕ್ಕಳ ಜತೆ 'ಓಡಿ' (Oodi) ಅನ್ನುವ ಲೈಬ್ರರಿಗೆ ಹೋಗುತ್ತೇವೆ ಅಂತ ಬರೆದರು. ಸಂಸತ್ ಭವನದ ಎದುರಿಗೇ ಇದೆಯಂತೆ, 2018ರಲ್ಲಿ ತೆರೆದದ್ದು. ಪುಸ್ತಕದ ಜತೆಗೆ ಹೊಲಿಗೆ ಯಂತ್ರಗಳೂ ಇವೆ, ಯಾರು ಬೇಕಾದರೂ ಬಳಸಬಹುದು. ಮಗಳ ಶಾಲೆಯ ಬ್ಯಾಗಿನ ಪಟ್ಟಿ ಕಿತ್ತುಹೋಗಿದೆ. ಅದನ್ನು ತೆಗೆದುಕೊಂಡು ಹೋಗಿ ಅಲ್ಲೇ ಹೊಲಿದು ತರುತ್ತೇನೆ ಅಂತ ಅವಳಿಗೆ ಹೇಳಿದ್ದೇನೆ.